ವಿಷಯ ನಿಮ್ಮದು, ಒಕ್ಕಣೆ ನಮ್ಮದು

"ಇದ್ರಲ್ಲಿ 'ಬೇಡ' ಅನ್ನೋದು ಎಲ್ಲಿದೆ, ತೋರಿಸಿ!"

ಮೇಜಿನ ಮೇಲೆ ಪಟ್ಟನೆ ಬಂದು ಬಿದ್ದ ಕಾಗದ ಕಂಡು ಅವಳು ಬೆಚ್ಚಿಬಿದ್ದಳು. ತಲೆಯೆತ್ತಿದರೆ ಎದುರಿಗೆ ಎತ್ತರದ ಆಳು. ನೀಲಿ ಸಮವಸ್ತ್ರ, ಜೇಬಿನಲ್ಲಿ ಸ್ಕ್ರೂಡ್ರೈವರ್, ಎರಡೂ ಕೈಗೆ ಮೊಣಕೈತನಕ ಹಸಿರು ಬಣ್ಣ!

"ಮೊದಲು ಕೂತ್ಕೊಳ್ಳಿ..."

"ಕೂತ್ಕೊಳ್ಳೋಕೆ ಬಂದಿಲ್ಲ ಮೇಡಂ. ಈ ಕಾಗದ ಬರೆದಿದ್ದು ನೀವೇ ತಾನೆ?"

ಅವಳದೇ ಅಕ್ಷರ. ಹನ್ನೆರಡು ದಿನದ ಹಿಂದೆ ಒಬ್ಬ ಹುಡುಗಿಯ ಚಿಕ್ಕಪ್ಪ ಇದೇ ಕುರ್ಚಿಯಲ್ಲಿ ಕೂತು ಬರೆಸಿಕೊಂಡು ಹೋಗಿದ್ದರು.

"ನಾನೇ ಬರೆದಿದ್ದು. ಸಂಬಂಧ ಬೇಡ ಅಂತ ಹುಡುಗಿ ಕಡೆಯವರು ಬರೆಸಿದ್ರು."

"ಬೇಡ ಅಂತಾನಾ? ಎಲ್ಲಿ, ಓದಿ ನೋಡೋಣ!"

ಅವಳು ಗಂಟಲು ಸರಿಮಾಡಿಕೊಂಡು ಓದಿದಳು. "'ತಮ್ಮ ಮನೆಯಲ್ಲಿ ದೊರೆತ ಆದರವನ್ನು ನಾವು ಮರೆಯಲಾರೆವು. ತಮ್ಮ ಚಿರಂಜೀವಿಯವರಂಥ ಅಳಿಯನನ್ನು ಪಡೆಯುವ ಮನೆ ನಿಜಕ್ಕೂ ಪುಣ್ಯ ಮಾಡಿರಬೇಕು...'"

"ಹಾಂ, ಅಲ್ಲೇ ನಿಲ್ಸಿ! ಇದು ಬೇಡ ಅನ್ನೋ ಮಾತಾ?"

"'ಪಡೆಯುವ ಮನೆ' ಅಂತಿದೆಯಲ್ಲ... ಅಂದ್ರೆ ಬೇರೆ ಮನೆ. ನಮ್ಮದಲ್ಲ ಅಂತ."

ಅವನು ಬಗ್ಗಿ ಆ ಸಾಲನ್ನು ತಾನೇ ಓದಿ ನೋಡಿದ.

"ಕೊನೆಗೆ ನೋಡಿ. 'ನಮ್ಮ ನಿಮ್ಮ ವಿಶ್ವಾಸ ಎಂದೆಂದಿಗೂ ಹೀಗೆಯೇ ಇರಲಿ.' ಹೀಗೆಯೇ ಅಂದ್ರೆ ಈಗಿರೋವಷ್ಟೇ. ಇದಕ್ಕಿಂತ ಮುಂದೆ ಹೋಗೋದು ಬೇಡ ಅಂತ..."

"ಮೇಡಂ!" ಅವನು ಧೊಪ್ಪನೆ ಕುರ್ಚಿಯಲ್ಲಿ ಕೂತ. "ನಮ್ಮಮ್ಮ ಇದನ್ನ ಓದಿ, ಮಗನ ಮದುವೆ ಗೊತ್ತಾಯ್ತು ಅಂತ ಹನ್ನೊಂದು ಮನೆಗೆ ಕಾಗದ ಹಾಕಿದ್ದಾರೆ. ಹುಡುಗಿಗೆ ಹಸಿರು ಇಷ್ಟ ಅಂತ ನನ್ನ ಕೈಲಿ ರಜಾ ಹಾಕಿಸಿ ಮುಂದಿನ ರೂಮಿಗೆ ಬಣ್ಣ ಹೊಡೆಸಿದ್ದಾರೆ. ಇವತ್ತು ನಾನು ಆ ಚಿಕ್ಕಪ್ಪನಿಗೆ ಫೋನ್ ಮಾಡಿ, ದಿನ ಯಾವಾಗ ಇಟ್ಕೊಳ್ಳೋಣ ಅಂತ ಕೇಳಿದ್ರೆ, 'ಆವತ್ತೇ ಬೇಡ ಅಂದಿದ್ವಲ್ಲ, ಕೋರ್ಟ್ ಪಕ್ಕದ ಅಂಗಡೀಲಿ ಬರೆಸಿದ್ದು, ಅವರನ್ನೇ ಕೇಳಿ' ಅಂದ್ರು!"

ಒಳಗಿನ ಪರದೆಯ ಹಿಂದೆ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಅವಳ ಅಪ್ಪ.

ಆ ಅಂಗಡಿ ಅಪ್ಪನದು. ನಲವತ್ತು ವರ್ಷ ಜನರಿಗೆ ಕಾಗದ ಬರೆದುಕೊಟ್ಟ ಕೈ ನಡುಗತೊಡಗಿದ ಮೇಲೆ ಮಗಳು ಆ ಕುರ್ಚಿಗೆ ಬಂದು ಕೂತಿದ್ದಳು. ಮೊಬೈಲ್ ಬಂದ ಮೇಲೆ ಇನ್ನು ಯಾರು ಕಾಗದ ಬರೆಸುತ್ತಾರೆ ಎಂದು ನೆಂಟರೆಲ್ಲ ಕೊಂಕು ನುಡಿದಿದ್ದರು. ಆದರೆ ನೋಡಿ, ಫೋನಿನಲ್ಲಿ ಹೇಳಲು ನಾಲಿಗೆ ಏಳದ ಮಾತು ಲೋಕದಲ್ಲಿ ಬೇಕಾದಷ್ಟಿದೆ. ಮನೆ ಮಾಲೀಕನ ಹತ್ತಿರ ಕ್ಷಮೆ ಕೇಳುವುದು, ಮಾತು ಬಿಟ್ಟ ತಮ್ಮನನ್ನು ಮನೆಗೆ ಕರೆಯುವುದು, ಬಂದ ಸಂಬಂಧವನ್ನು ಬೇಡ ಎನ್ನುವುದು... ಇಂಥದ್ದಕ್ಕೆಲ್ಲ ಜನ ಅವಳಲ್ಲಿಗೇ ಬರುತ್ತಿದ್ದರು. ಬೀದಿಯವರ ಪಾಲಿಗೆ ಅವಳು 'ಕಾಗದದಕ್ಕ'.

ಅಂಗಡಿಯ ಗೋಡೆಯ ಮೇಲೆ ಅಪ್ಪ ಬರೆದು ಹಾಕಿದ್ದ ಹಲಗೆಯೊಂದಿತ್ತು: 'ವಿಷಯ ನಿಮ್ಮದು, ಒಕ್ಕಣೆ ನಮ್ಮದು.' ಏನು ಹೇಳಬೇಕು ಎನ್ನುವುದನ್ನು ಗಿರಾಕಿ ನಿರ್ಧರಿಸಬೇಕು. ಹೇಗೆ ಹೇಳಬೇಕು ಎನ್ನುವುದಷ್ಟೇ ಅಂಗಡಿಯ ಕೆಲಸ. ಗಿರಾಕಿಗೆ ಬುದ್ಧಿ ಹೇಳುವ ಹಾಗಿಲ್ಲ, ಹೀಗೆ ಮಾಡು ಹಾಗೆ ಮಾಡು ಅನ್ನುವ ಹಾಗಿಲ್ಲ. ಅವಳು ಆ ನಿಯಮವನ್ನು ಒಮ್ಮೆಯೂ ಮುರಿದವಳಲ್ಲ.

"ಈಗ ನಾನೇನು ಮಾಡ್ಬೇಕು ಹೇಳಿ," ಎಂದಳು ಮೆಲ್ಲಗೆ.

"ಬಂದು ನಮ್ಮಮ್ಮನಿಗೆ ಹೇಳಿ. ನನ್ನ ಬಾಯಲ್ಲಿ ಬರ್ತಿಲ್ಲ. ಎರಡನೇ ಕೋಟು ಹೊಡೀತಾ ಹಾಡು ಬೇರೆ ಹೇಳ್ತಿದ್ದಾರೆ..."

ಅವನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಆ ದೊಡ್ಡ ಮುಖದಲ್ಲಿ ಈಗ ಉಳಿದದ್ದು ತಾಯಿಯನ್ನು ನೋಯಿಸಬೇಕಲ್ಲ ಎನ್ನುವ ಸಂಕಟ ಮಾತ್ರ. ಅದನ್ನು ನೋಡಿ ಅವಳ ಎದೆ ಚುರ್ ಎಂದಿತು.

"ಹೋಗಿ ಬಾರಮ್ಮ," ಎಂದರು ಅಪ್ಪ ಪರದೆಯಾಚೆಯಿಂದ. "ಗಂಟು ಹಾಕಿದ ಕೈಯೇ ಬಿಚ್ಚಲಿ."

* * *

ಅವನು ಲಿಫ್ಟ್ ಮೆಕ್ಯಾನಿಕ್. ಮನೆ ಎರಡು ಬೀದಿಯಾಚೆ. ಮುಂದಿನ ಕೋಣೆ ಗಿಣಿಯ ಹಾಗೆ ಹಸಿರಾಗಿತ್ತು. ಹಳೆಯ ಪೇಪರ್ ಹಾಸಿ, ಏಣಿಯ ಮೇಲೆ ನಿಂತು ಮೂಲೆಗೆ ಬ್ರಷ್ ಆಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದರು.

"ಅಮ್ಮಾ... ಆ ಕಾಗದದ ವಿಚಾರ ಮಾತಾಡೋಕೆ ಬಂದಿದ್ದೆ," ಎಂದು ಅವಳು ಶುರುಮಾಡಿದಳು. "ಕೆಲವು ಸಲ ಏನಾಗುತ್ತೆ ಅಂದ್ರೆ, ಎರಡು ಮನೆಗಳ ನಡುವೆ ಎಷ್ಟೇ ವಿಶ್ವಾಸ ಇದ್ರೂ ಕಾಲ ಕೂಡಿ ಬರ್ಬೇಕಾಗುತ್ತೆ. ಹಾಗಾಗಿ ಆ ಮನೆಯವರ ಮನಸ್ಸಿನಲ್ಲಿ..."

"ಬೇಡ ಅಂದ್ರಾ?"

ಅವಳು ತಬ್ಬಿಬ್ಬಾದಳು. "...ಹೌದಮ್ಮ."

ಆಕೆ ಏಣಿಯಿಂದ ಒಂದೊಂದೇ ಮೆಟ್ಟಿಲು ಇಳಿದರು. ಬ್ರಷ್ಷನ್ನು ಡಬ್ಬಿಗೆ ಅಡ್ಡಲಾಗಿ ಇಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡಾಗ ಕೆನ್ನೆಗೆ ಹಸಿರು ಬಳಿದುಕೊಂಡಿತು.

"ಆ ಕಾಗದ ಬರೆದವಳು ನೀನಾ?"

"ಹೌದಮ್ಮ. ತಪ್ಪಾಯ್ತು..."

"ತಪ್ಪೇನೋ ಆಯ್ತು. ಆದ್ರೂ ಇರಲಿ ಬಿಡು. ನನ್ನ ಮಗನ ಬಗ್ಗೆ ಇಷ್ಟು ಒಳ್ಳೇ ಮಾತು ಇದುವರೆಗೆ ಯಾರೂ ಬರೆದಿರ್ಲಿಲ್ಲ. ದಿಂಬಿನ ಕೆಳಗೆ ಇಟ್ಕೊಂಡಿದ್ದೆ." ಆಕೆ ಮಗನ ಕಡೆ ತಿರುಗಿದರು. "ಏನೋ ನಿಂತ್ಕೊಂಡೇ ಇದೀಯ ಕಂಬದ ಹಾಗೆ? ಇವಳಿಗೊಂದು ಕುರ್ಚಿ ಕೊಡು. ಬಣ್ಣ ಒಣಗದೇ ಇರೋದು ಕೊಡ್ಬೇಡ!"

ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

ಹನ್ನೊಂದು ಮನೆಗೆ ಈಗ ಮದುವೆ ಇಲ್ಲ ಎಂದು ತಿಳಿಸಬೇಕಿತ್ತು. "ನಾನು ಬರೆದ್ರೆ ಅಳು ಬರುತ್ತೆ. ನೀನೇ ಬರಿ," ಎಂದರು ತಾಯಿ.

ಹಾಗೆ ಅವನು ದಿನಾ ಸಂಜೆ ಕೆಲಸ ಮುಗಿಸಿ ಅಂಗಡಿಗೆ ಬರತೊಡಗಿದ. ದಿನಕ್ಕೆರಡು ಕಾಗದ. ಅವನು ಹೇಳುವುದು, ಅವಳು ಬರೆಯುವುದು.

"ಎಲ್ಲರಿಗೂ ಒಂದೇ ಬರೆದ್ರೆ ಆಗಲ್ವಾ ಮೇಡಂ? ಸಂಬಂಧ ಮುರೀತು, ಅಷ್ಟೇ ತಾನೆ?"

"ನಿಮ್ಮ ದೊಡ್ಡಮ್ಮನಿಗೂ ಟೈಲರಿಗೂ ಒಂದೇನಾ? ದೊಡ್ಡಮ್ಮನಿಗೆ ಮೊದಲು ಅವರ ಮಂಡಿನೋವು ಹೇಗಿದೆ ಅಂತ ಕೇಳ್ಬೇಕು. ಟೈಲರಿಗೆ ಮೊದಲನೇ ಸಾಲಿನಲ್ಲೇ ಬಟ್ಟೆ ಕತ್ತರಿಸ್ಬೇಡಿ ಅನ್ಬೇಕು."

ಅವನು ಹೋ ಎಂದು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಅವಳು ಬೇಗ ಕಾಗದದ ಕಡೆ ಕಣ್ಣು ತಿರುಗಿಸಿದಳು.

"ಅಲ್ಲಾ, ಈ ಒಕ್ಕಣೆ ಒಕ್ಕಣೆ ಅಂತೀರಲ್ಲ, ಅಸಲಿಗೆ ಹಾಗಂದ್ರೇನು? ಅಕ್ಷರ ದುಂಡಗಿರೋದಾ?"

"ಅಕ್ಷರ ಕೈಗೆ ಸೇರಿದ್ದು. ಒಕ್ಕಣೆ ಅಂದ್ರೆ ಕಾಗದದಲ್ಲಿ ಮಾತು ಜೋಡಿಸೋ ರೀತಿ. ಯಾರನ್ನ ಏನಂತ ಕರೀಬೇಕು, ಎಲ್ಲಿಂದ ಎತ್ಕೋಬೇಕು, ಯಾವುದು ಮೊದಲು ಯಾವುದು ಆಮೇಲೆ, ಕೊನೆಗೆ ಏನಂತ ಮುಗಿಸ್ಬೇಕು... ಎಲ್ಲಾ ಸೇರಿ ಒಕ್ಕಣೆ."

"ಅಂದ್ರೆ ಪೊಟ್ಟಣ ಕಟ್ಟೋದು."

"ಪೊಟ್ಟಣ ಅಲ್ಲಾರೀ! ಈಗ ನಿಮ್ಮ ಲಿಫ್ಟು ಧಡಕ್ ಅಂತ ನಿಂತ್ರೂ ಜನ ಮಹಡಿಗೆ ಬರ್ತಾರೆ, ಮೆತ್ತಗೆ ನಿಂತ್ರೂ ಬರ್ತಾರೆ. ಆ ಮೆತ್ತಗೆ ನಿಲ್ಲೋದಿದೆಯಲ್ಲ, ಅದು ಒಕ್ಕಣೆ."

ಅವನು ಒಂದು ಕ್ಷಣ ಯೋಚಿಸಿದ. "ನಿಮ್ಮ ಕಾಗದದಲ್ಲಿ ಲಿಫ್ಟು ಎಷ್ಟು ಮೆತ್ತಗೆ ನಿಂತಿತ್ತು ಅಂದ್ರೆ, ನಿಂತಿದ್ದೇ ನಮ್ಮಮ್ಮನಿಗೆ ಗೊತ್ತಾಗ್ಲಿಲ್ಲ!"

ಪರದೆಯಾಚೆ ಅಪ್ಪ ಚಪ್ಪಾಳೆ ತಟ್ಟಿದರು.

ಹನ್ನೊಂದು ಕಾಗದ ಆರು ದಿನಕ್ಕೆ ಮುಗಿದವು. ಆದರೂ ಏಳನೆಯ ದಿನ ಅವನು ಬಂದ.

"ಬೀದಿ ದೀಪ ಕೆಟ್ಟಿದೆ. ಅರ್ಜಿ ಬರೀಬೇಕಿತ್ತು."

ಅದಾದ ಮೇಲೆ ನಲ್ಲಿಗೆ ಒಂದು ಅರ್ಜಿ. ಆಮೇಲೆ ಬಸ್ಸು ತಮ್ಮ ಸ್ಟಾಪಿನಲ್ಲಿ ನಿಲ್ಲುವುದಿಲ್ಲ ಎಂದು ದೂರು. ಮರುವಾರ, ನಿಲ್ಲಿಸಿದ್ದಕ್ಕೆ ಧನ್ಯವಾದ.

"ಇಷ್ಟೊಂದು ಕಾಗದ ಬರೆಸೋ ಮನುಷ್ಯ ಒಂದೋ ಕೋರ್ಟು ಕೇಸಿನಲ್ಲಿ ಸಿಕ್ಕಿರಬೇಕು, ಇಲ್ಲಾ..." ಎಂದರು ಅಪ್ಪ ಒಂದು ಸಂಜೆ.

"ಇಲ್ಲಾ?"

"ಕೇಸಂತೂ ಇಲ್ಲ. ಮಿಕ್ಕಿದ್ದು ನೀನೇ ತಿಳ್ಕೋ."

ಅವಳಿಗೆ ತಿಳಿಯದೆ ಇತ್ತೇ? ಐದೂವರೆ ಆಗುತ್ತಿದ್ದಂತೆ ಅವಳ ಕಿವಿ ಹೊರಗಿನ ಮೂರು ಮೆಟ್ಟಿಲ ಮೇಲಿರುತ್ತಿತ್ತು. ಅವನು ಎರಡೇ ಹೆಜ್ಜೆಯಲ್ಲಿ ಆ ಮೂರನ್ನೂ ಹತ್ತುತ್ತಿದ್ದ. ಆ ಸದ್ದು ಬೇರೆ ಯಾರದೂ ಅಲ್ಲ...

'ಹೇಳಬೇಕು,' ಅಂದುಕೊಳ್ಳುವಳು. 'ಆದರೆ ಏನಂತ? ಎಲ್ಲಿಂದ ಎತ್ತಿಕೊಳ್ಳಲಿ?'

ಅವಳ ಕಷ್ಟ ಅದೇ. ಹನ್ನೆರಡು ವರ್ಷ ಪರರ ಮಾತನ್ನು ಮೆತ್ತಗೆ ಮಾಡಿ ಮಾಡಿ, ಅವಳ ಬಾಯಿ ನೇರ ಮಾತನ್ನೇ ಮರೆತಿತ್ತು. ಹಿಂದೊಮ್ಮೆ ಟೈಪಿಂಗ್ ಶಾಲೆಯ ಮೇಷ್ಟರೊಬ್ಬರು 'ನನ್ನನ್ನು ಮದುವೆಯಾಗುತ್ತೀರಾ' ಎಂದು ಒಂದೇ ಸಾಲು ಬರೆದಿದ್ದರು. ಅವಳು ಎರಡು ಪುಟ ಉತ್ತರ ಬರೆದಳು. ಅದನ್ನು ಓದಿ ಹೌದೋ ಅಲ್ಲವೋ ತಿಳಿಯದೆ ಆ ಮನುಷ್ಯ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಅವಳಿಗೆ ಅವರ ಮೇಲೆ ಅಷ್ಟೇನೂ ಮನಸ್ಸಿರಲಿಲ್ಲ, ಹಾಗಾಗಿ ಬದುಕಿಕೊಂಡಳು.

ಈ ಸಲ ಹಾಗಲ್ಲ. ಈ ಸಲ ಮನಸ್ಸಿತ್ತು.

* * *

ಒಂದು ದಿನ ಅವನು ಬಂದವನು ಕುರ್ಚಿಯ ತುದಿಯಲ್ಲಿ ಕೂತ. ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದ.

"ಕಂಪನಿಯವರು ಕಳಿಸಿದ್ದಾರೆ. ದೂರದ ಊರಿನಲ್ಲಿ ಹೊಸ ಶಾಖೆ ತೆಗೀತಾರಂತೆ. ನನ್ನನ್ನ ಅಲ್ಲಿಗೆ ದೊಡ್ಡ ಮೆಕ್ಯಾನಿಕ್ ಮಾಡ್ತಾರಂತೆ. ಮೂರು ವರ್ಷ."

ಅವಳ ಕೈಯ ಪೆನ್ನು ನಿಂತಿತು.

"ಒಳ್ಳೇದಾಯ್ತಲ್ಲ..."

"ಉತ್ತರ ಬರೀಬೇಕು." ಅವನು ಅವಳ ಮುಖವನ್ನೇ ನೋಡಿದ. "ಬರ್ತೀನಿ ಅಂತ ಬರೆಯೋದಾ, ಬರಲ್ಲ ಅಂತ ಬರೆಯೋದಾ... ನೀವೇ ಹೇಳಿ."

ಅಬ್ಬಾ! ಅವಳ ಎದೆ ಹೇಗೆ ಹೊಡೆದುಕೊಂಡಿತು! ಹೋಗಬೇಡ ಅನ್ನಲು ಎಷ್ಟು ಅಕ್ಷರ ಬೇಕು? ಆದರೆ ದೊಡ್ಡ ಕೆಲಸ, ಒಳ್ಳೆಯ ಹೆಸರು. ಅದನ್ನು ಬಿಡು ಎನ್ನಲು ಅವಳು ಯಾರು? ಕಾಗದ ಬರೆದುಕೊಡುವವಳು. ಬಾಯಿ ತನ್ನಷ್ಟಕ್ಕೆ ತಾನೇ ಕಲಿತದ್ದನ್ನು ಒಪ್ಪಿಸಿತು.

"ಅದು ನಿಮ್ಮ ವಿಷಯ. ನೀವೇ ಹೇಳ್ಬೇಕು. ನಾನು ಬರೆದುಕೊಡೋಳು ಮಾತ್ರ."

ಅವನು ಗೋಡೆಯ ಹಲಗೆಯನ್ನೊಮ್ಮೆ ನೋಡಿದ. ಅವಳನ್ನೊಮ್ಮೆ ನೋಡಿದ.

"ಹೌದಲ್ಲ," ಎಂದ. "ನಂದೇ ವಿಷಯ. ಹಾಗಾದ್ರೆ ಬರ್ತೀನಿ ಅಂತ ಬರೀರಿ."

ಅವಳು ಬರೆದಳು. ಹಲ್ಲು ಕಚ್ಚಿ ಬರೆದಳು. ಅಷ್ಟು ಸೊಗಸಾದ ಕಾಗದವನ್ನು ಅವಳು ಇದುವರೆಗೆ ಬರೆದಿರಲಿಲ್ಲ. ಅವನು ಎರಡು ಸಲ ಓದಿಕೊಂಡ.

"ಎಷ್ಟು ಚೆನ್ನಾಗಿದೆ! ಇದನ್ನ ಓದಿದ್ರೆ ಹೋಗೋಕೆ ನನಗೆ ಭಾರೀ ಖುಷಿ ಇರೋ ಹಾಗಿದೆ."

ಅವನು ನಗಲಿಲ್ಲ. ರುಜು ಹಾಕಿ, ಮಡಿಸಿ, ಎದ್ದ. ಹೊರಗಿನ ಮೆಟ್ಟಿಲುಗಳನ್ನು ಅವತ್ತು ಒಂದೊಂದಾಗಿ ಇಳಿದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದೂವರೆ ಬರುತ್ತಿತ್ತು, ಹೋಗುತ್ತಿತ್ತು...

"ಬೀದಿ ದೀಪ ಮತ್ತೆ ಕೆಟ್ಟಿದೆ," ಎಂದರು ಅಪ್ಪ. "ಈ ಸಲ ಅರ್ಜಿ ಬರೆಸೋಕೆ ಯಾರೂ ಬರ್ಲಿಲ್ಲ ನೋಡು."

"ಅಪ್ಪಾ, ಸುಮ್ನಿರಿ."

ಅಪ್ಪ ಪರದೆಯ ಹಿಂದಕ್ಕೆ ಸರಿದರು. ಮಗಳ ದನಿ ಒಡೆದದ್ದು ಅವರಿಗೆ ಕೇಳಿಸಿತ್ತು.

* * *

ಹತ್ತನೆಯ ದಿನ ಮಧ್ಯಾಹ್ನ ಅಂಗಡಿಗೆ ಅವನ ತಾಯಿ ಬಂದರು. ಕುರ್ಚಿ ಎಳೆದುಕೊಂಡು ಕೂತು, ನೀರು ಕುಡಿದು, ಉಸಿರು ಬಿಟ್ಟರು.

"ಒಂದು ಕಾಗದ ಬರಿಯಮ್ಮ. ಮಗನಿಗೆ."

"ಮಗನಿಗಾ? ಮನೇಲೇ ಇದ್ದಾರಲ್ಲ!"

"ನಾಡಿದ್ದು ಹೊರಡ್ತಾನೆ. ಅಲ್ಲಿ ಹೋಗಿ ಇಳಿಯೋ ಹೊತ್ತಿಗೆ ನನ್ನ ಕಾಗದ ಕಾಯ್ತಿರ್ಲಿ ಅಂತ. ಬರ್ಕೋ. 'ಮಗನೇ, ಹೊತ್ತಿಗೆ ಸರಿಯಾಗಿ ಊಟ ಮಾಡು. ಶರಟಿನ ಮೂರನೇ ಗುಂಡಿ ಹಾಕಿದ್ದೀನಿ.' ಆಮೇಲೆ... 'ಆ ಹುಡುಗೀನ ಮರೆತುಬಿಡು.'"

ಪೆನ್ನು ಕಾಗದದ ಮೇಲೆ ಚುಕ್ಕೆಯೊತ್ತಿತು. "ಯಾ... ಯಾವ ಹುಡುಗಿ? ಆ ಹಸಿರು ಗೋಡೆಯವಳಾ?"

"ಅವಳ ಮುಖಾನೂ ನೆನಪಿಲ್ಲ ಅವನಿಗೆ! ಇವಳು ಬೇರೆ. ಕಂಪನಿ ಕಾಗದ ಬಂದ ದಿನ ನನಗೆ ಹೇಳಿಯೇ ಹೋದ. 'ಅಮ್ಮಾ, ಹೋಗಿ ಕೇಳ್ತೀನಿ. ಹೋಗ್ಬೇಡ ಅಂತ ಅವಳ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು, ನಾನು ಇಲ್ಲೇ' ಅಂದ. ಸಂಜೆ ವಾಪಸ್ ಬಂದವನು ತಟ್ಟೆ ಮುಂದೆ ಕೂತು ಒಂದು ಗಂಟೆ ಗೋಡೆ ನೋಡಿದ. 'ಏನಂದ್ಳೋ?' ಅಂದ್ರೆ, 'ಅದು ನಿಮ್ಮ ವಿಷಯ ಅಂದ್ಳಮ್ಮ' ಅಂದ."

ಅವಳು ಪೆನ್ನು ಕೆಳಗಿಟ್ಟಳು.

"ಏನ್ ಸುಮ್ನಾದೆ? ಬರಿ. 'ಅವಳಿಗೆ ನಿನ್ನ ಮೇಲೆ ಮನಸ್ಸಿಲ್ಲ...'"

"ಅದು ಸುಳ್ಳು!"

ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಕುರ್ಚಿ ಹಿಂದಕ್ಕೆ ಉರುಳಿತ್ತು. ಆ ತಾಯಿ ಮಾತ್ರ ಸ್ವಲ್ಪವೂ ಬೆಚ್ಚದೆ ಅವಳನ್ನು ನೋಡುತ್ತಿದ್ದರು.

"ಹಾಗಾದ್ರೆ ಇದನ್ನ ನನಗ್ಯಾಕೆ ಹೇಳ್ತೀಯ?" ಎಂದರು ತಣ್ಣಗೆ. "ವಿಮಾ ಕಚೇರೀಲಿದ್ದಾನೆ. ಇಲ್ಲಿ ಅವನ ಕೊನೇ ಕೆಲಸ. ಐದಕ್ಕೆ ಮುಗಿಯುತ್ತೆ."

ಅವಳು ಪರದೆಯ ಕಡೆ ತಿರುಗಿದಳು. ಅಪ್ಪ ಆಗಲೇ ಕೋಲೂರಿಕೊಂಡು ಹೊರಬಂದಿದ್ದರು.

"ಓಡು. ಗಿರಾಕೀನ ನಾನು ನೋಡ್ಕೋತೀನಿ."

* * *

ವಿಮಾ ಕಚೇರಿಗೆ ಆರು ಮಹಡಿ. ಕೆಳಗೆ ಲಿಫ್ಟಿನ ಬಾಗಿಲು ತೆರೆದಿತ್ತು. ಅಡ್ಡಲಾಗಿ ಹಳದಿ ಪಟ್ಟಿ, 'ದುರಸ್ತಿಯಲ್ಲಿದೆ' ಎನ್ನುವ ಬೋರ್ಡು. ಒಳಗೆ ಕತ್ತಲ ಕೊಳವೆಯಲ್ಲಿ ಮೇಲೆಲ್ಲೋ ಒಂದು ಟಾರ್ಚು ಅಲ್ಲಾಡುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು.

"ಮೆಕ್ಯಾನಿಕ್ ಐದನೇ ಮಹಡಿ ಹತ್ರ ನೇತಾಡ್ತಿದ್ದಾರೆ," ಎಂದಳು ಮೇಜಿನ ಹಿಂದಿನ ಹುಡುಗಿ. "ಏನಾದ್ರೂ ಹೇಳೋದಿದ್ರೆ ಇಲ್ಲಿಂದ ಕೂಗಿ. ನಾವೂ ಹಾಗೇ ಮಾಡೋದು."

ಅವಳು ಪಟ್ಟಿಯ ಈಚೆ ನಿಂತು ಕತ್ತೆತ್ತಿದಳು. ಓಡಿ ಬಂದ ಉಸಿರು ಇನ್ನೂ ಕೂಡಿರಲಿಲ್ಲ.

"ನಮಸ್ಕಾರ... ತಮ್ಮ ತಾಯಿಯವರು ಇವತ್ತು ಅಂಗಡಿಗೆ ಬಂದಿದ್ರು. ತಾವು ಮೊನ್ನೆ ತಗೊಂಡ ನಿರ್ಧಾರದ ಬಗ್ಗೆ ಇನ್ನೊಂದು ಸಲ ಯೋಚನೆ ಮಾಡೋದಾದ್ರೆ..."

ಬಡಿಯುವ ಸದ್ದು ನಿಂತಿತು. "ಯಾರದು? ಕೇಳಿಸ್ತಿಲ್ಲ!"

"ತಮ್ಮ ನಿರ್ಧಾರದ ಬಗ್ಗೆ...!"

"ಏನು? ಜೋರಾಗಿ ಹೇಳಿ!"

'ಹನ್ನೆರಡು ವರ್ಷ ಊರಿಗೆಲ್ಲ ಮಾತು ಹೊಂದಿಸಿಕೊಟ್ಟೆ, ನನಗೊಂದು ಸಾಲು ಸಿಗುತ್ತಿಲ್ಲವಲ್ಲ!' ಅವಳು ಕಣ್ಣು ಮುಚ್ಚಿದಳು. ಎದೆ ತುಂಬ ಗಾಳಿ ಎಳೆದುಕೊಂಡಳು.

"ಹೋಗ್ಬೇಡಿ!"

ಕೊಳವೆಯ ಉದ್ದಕ್ಕೂ ಆ ಮಾತು ಮೇಲಕ್ಕೆ ಹೋಯಿತು. ಹೋಗ್ಬೇಡಿ... ಬೇಡಿ... ಬೇಡಿ...

"ಎಲ್ಲಿಗೆ?" ಎಂದಿತು ಮೇಲಿನ ದನಿ. ಈ ಸಲ ಆ ದನಿ ಬೇರೆಯಾಗಿತ್ತು.

"ಆ ಊರಿಗೆ! ಆವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ! ನನಗೆ ನೀವು ಬೇಕು! ದಿನಾ ಐದೂವರೆಗೆ ಬೇಕು! ಹೋಗ್ಬೇಡಿ!"

ಎಲ್ಲೋ ಒಂದು ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮೂರನೆಯ ಮಹಡಿಯಿಂದ ಯಾರೋ ಗಂಡಸು ಕೂಗಿದ: "ಅಣ್ಣಾ, ಕೇಳಿಸ್ತಾ? ನಮಗಂತೂ ಕೇಳಿಸ್ತು!"

"ನಮಗೂ ಕೇಳಿಸ್ತು!" ಎಂದಿತು ಎರಡನೆಯ ಮಹಡಿಯ ಹೆಂಗಸಿನ ದನಿ. "ಉತ್ತರ ಕೊಡಪ್ಪಾ, ಪಾಪ, ಕಾಯ್ತಿದ್ದಾಳೆ!"

ಉತ್ತರ ಬರಲಿಲ್ಲ. ಬದಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಒಂದೇ ಸಮನೆ, ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರುತ್ತ ಇಳಿಯುವ ಸದ್ದು... ಅದು ಯಾರದೆಂದು ಅವಳು ನೋಡಬೇಕಾಗಿರಲಿಲ್ಲ.

ಅವನು ಬಂದು ಎದುರಿಗೆ ನಿಂತ. ಹಣೆಗೆ ಗ್ರೀಸು, ಸೊಂಟಕ್ಕೆ ಬಿಗಿದ ಪಟ್ಟಿ ಹಾಗೇ ಇತ್ತು. ಏದುಸಿರು.

"ಇನ್ನೊಂದು ಸಲ ಹೇಳಿ," ಎಂದ.

"ಆರು ಮಹಡಿಗೂ ಕೇಳಿಸಿದ್ದು ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆದ್ರೂ ಹೇಳಿ. ಇಷ್ಟು ಹತ್ರದಿಂದ ಕೇಳ್ಬೇಕು."

ಅವಳ ಕಣ್ಣು ತುಂಬಿ ಬಂತು. "ಹೋಗ್ಬೇಡಿ. ನೀವಿಲ್ದೆ ನನಗಾಗಲ್ಲ."

ಅವನು ಕೈ ಮುಂದೆ ಚಾಚಿದವನು ಗ್ರೀಸು ನೋಡಿ ಹಿಂದಕ್ಕೆಳೆದುಕೊಂಡ. ಅವಳೇ ಆ ಕೈ ಹಿಡಿದುಕೊಂಡಳು. ಇಷ್ಟು ದಿನ ಪೆನ್ನು ಬಿಟ್ಟು ಬೇರೇನನ್ನೂ ಬಿಗಿಯಾಗಿ ಹಿಡಿಯದ ಕೈ ಅವಳದು!

"ದೊಡ್ಡ ಕೆಲಸ ಕೈಬಿಟ್ಟು ಹೋಗುತ್ತಲ್ಲ..." ಎಂದಳು.

"ನಮ್ಮಲ್ಲಿ ಇನ್ನೊಬ್ಬ ಹಿರಿಯರಿದ್ದಾರೆ, ಅದಕ್ಕೇ ಆಸೆಪಟ್ಟು ಕಾಯ್ತಿದ್ದಾರೆ. ಅವರು ಖುಷಿಯಾಗಿ ಹೋಗ್ತಾರೆ. ಕಂಪನಿಗೆ ಬರಲ್ಲ ಅಂತ ಇನ್ನೊಂದು ಕಾಗದ ಹಾಕಿದ್ರಾಯ್ತು. ಮೆತ್ತಗೆ ಬರೆದುಕೊಡ್ತೀರಾ?"

"ಕೊಡ್ತೀನಿ. ಆದ್ರೆ ಬರಲ್ಲ ಅನ್ನೋದನ್ನ ಮೊದಲನೇ ಸಾಲಿನಲ್ಲೇ ಹಾಕ್ತೀನಿ."

ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಮೇಲಿನ ಮಹಡಿಗಳಿಂದ ಬಗ್ಗಿ ನೋಡುತ್ತಿದ್ದ ತಲೆಗಳೆಲ್ಲ ನಕ್ಕವು.

"ಅಮ್ಮ ಎಲ್ಲಿ?" ಎಂದ.

"ಅಂಗಡೀಲಿ. ನಿಮಗೊಂದು ಕಾಗದ ಬರೆಸ್ತಿದ್ರು. ನಾನು ಅರ್ಧಕ್ಕೇ ಬಿಟ್ಟು ಓಡಿಬಂದೆ."

"ಗಿರಾಕೀನ ಕೂರಿಸಿ ಓಡಿಬಂದ್ರಾ! ನಡೀರಿ, ಹೋಗೋಣ..." ಎಂದವನು ಎರಡು ಹೆಜ್ಜೆ ಇಟ್ಟು ನಿಂತ. ಮೇಲೆ ನೋಡಿದ. "ಹಗ್ಗ ಅರ್ಧ ಬಿಗಿಮಾಡಿದ್ದೀನಿ. ಹಾಗೇ ಬಿಟ್ಟು ಬರೋ ಹಾಗಿಲ್ಲ. ಹತ್ತು ನಿಮಿಷ... ಕಾಯ್ತೀರಾ?"

"ಕಾಯ್ತೀನಿ."

"ಹತ್ತು ಅಂದಿದ್ದು ಇಪ್ಪತ್ತಾಗಬಹುದು."

"ಆಗಲಿ. ಹುಷಾರಾಗಿ ಹತ್ತಿ."

ಅವನು ಹೋದ. ಅವಳು ಕೊನೆಯ ಮೆಟ್ಟಿಲ ಮೇಲೆ, ಗ್ರೀಸು ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.